ಕೈ ಯಾರದು, ಹೆಸರು ಯಾರದು

ಮಾನ್ವಿ ತಾಲ್ಲೂಕಿನ ಕುರ್ಡಿಯಿಂದಾಗಲಿ, ದೇವದುರ್ಗದ ಕಡೆಯಿಂದಾಗಲಿ ಹರ್ನಿಯಾ ಆಪರೇಷನ್ನಿಗೆಂದು ರಾಯಚೂರಿನ ದೊಡ್ಡಾಸ್ಪತ್ರೆಗೆ ಬಂದವರ ಮನೆಯವರು ಮೊದಲು ಕೇಳುವುದು ಎಷ್ಟು ದಿನ ಇರಬೇಕಾಗುತ್ತದೆ ಎಂದು. ಅದರ ಬೆನ್ನಿಗೇ ಬರುವ ಪ್ರಶ್ನೆ: ‘ಯಾರು ಮಾಡ್ತಾರ್ರಿ ಆಪ್ರೇಷನ್ನು? ದೊಡ್ಡ ಡಾಕ್ಟ್ರೋ, ಕಲಿಯೋ ಹುಡುಗ್ರೋ?’ ಸಿಸ್ಟರ್ ಕಡೆಯಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ: ‘ಎಲ್ಲಾರೂ ಇರ್ತಾರ, ಚಿಂತಿ ಮಾಡಬ್ಯಾಡ್ರಿ.’ ಆ ಮಾತು ಸುಳ್ಳೇನಲ್ಲ. ಆದರೆ ಕೇಳಿದ ಪ್ರಶ್ನೆ ಹಾಗೇ ಉಳಿಯುತ್ತದೆ.

ಆಪರೇಷನ್ ಮುಗಿದ ಮೇಲೆ ಅದು ಆಸ್ಪತ್ರೆಯೊಳಗೆ ಮೂರು ಕಡೆ ದಾಖಲಾಗುತ್ತದೆ. ಆಪರೇಷನ್ ಥಿಯೇಟರಿನ, ಅಂದರೆ ಓಟಿಯ, ರಿಜಿಸ್ಟರಿನಲ್ಲಿ ಒಂದು ಸಾಲು: ರೋಗಿಯ ಹೆಸರು, ಐಪಿ ನಂಬರು, ಯಾವ ಆಪರೇಷನ್, ಸರ್ಜನ್ ಯಾರು, ಅಸಿಸ್ಟೆಂಟ್ ಯಾರು, ಅರಿವಳಿಕೆ ಕೊಟ್ಟವರು ಯಾರು. ಕೇಸ್ ಶೀಟಿನಲ್ಲಿ ಓಟಿ ನೋಟ್ಸ್. ಬೋಧನಾ ಆಸ್ಪತ್ರೆಯಲ್ಲಿ ಅದನ್ನು ಬರೆಯುವುದೂ ಹೆಚ್ಚಾಗಿ ಕಲಿಯುವ ವೈದ್ಯರೇ. ಮೂರನೆಯದು ಆ ಕಲಿಯುವ ವೈದ್ಯರ ಸ್ವಂತ ಲಾಗ್‌ಬುಕ್. ಕುರ್ಡಿಯವರ ಅದೇ ಹರ್ನಿಯಾ ಅಲ್ಲಿ ‘ನೋಡಿದ್ದು’, ‘ಸಹಾಯ ಮಾಡಿದ್ದು’, ‘ಹಿರಿಯರ ಉಸ್ತುವಾರಿಯಲ್ಲಿ ಮಾಡಿದ್ದು’, ‘ಸ್ವತಂತ್ರವಾಗಿ ಮಾಡಿದ್ದು’ ಎಂಬ ನಾಲ್ಕರಲ್ಲಿ ಒಂದು ಕಾಲಮಿಗೆ ಸೇರುತ್ತದೆ. ರೋಗಿ ಮನೆಗೆ ಒಯ್ಯುವ ಕಾಗದ ಇವು ಯಾವುವೂ ಅಲ್ಲ, ಡಿಸ್ಚಾರ್ಜ್ ಕಾರ್ಡು. ಅದರ ಮೇಲೆ ಸಾಮಾನ್ಯವಾಗಿ ಇರುವುದು ಯೂನಿಟ್ ಮುಖ್ಯಸ್ಥರ ಹೆಸರು. ಹೊಟ್ಟೆ ಕೊಯ್ದವರು, ಹೊಲಿದವರು ಯಾರು ಎಂಬುದು ಪರೀಕ್ಷಕರಿಗೆ ಗೊತ್ತಾಗುತ್ತದೆ, ಹೊಟ್ಟೆಯ ಒಡೆಯನಿಗೆ ಗೊತ್ತಾಗುವುದಿಲ್ಲ.

ಇದು ಯಾವುದೋ ಒಂದು ಆಸ್ಪತ್ರೆಯ ದೋಷವಲ್ಲ, ಇಂದು ನಿನ್ನೆಯದೂ ಅಲ್ಲ. ಇದಕ್ಕೆ ಬಲು ಹಳೆಯ ಚರಿತ್ರೆಯಿದೆ. ಅದರಲ್ಲಿ ರಾಯಚೂರು ಸೀಮೆಯ ಪಾಲೂ ಇದೆ.

ಶಸ್ತ್ರವಿದ್ಯೆ ಕಲಿಯುವವನ ಕೈಯನ್ನು ಕುರಿತು ನಮ್ಮಲ್ಲಿ ಉಳಿದಿರುವ ಹಳೆಯ ಬರಹ ಸುಶ್ರುತ ಸಂಹಿತೆಯದು. ಅದರ ಸೂತ್ರಸ್ಥಾನದ 9ನೇ ಅಧ್ಯಾಯ ಪೂರ್ತಿ ಅಭ್ಯಾಸಕ್ಕೇ ಮೀಸಲು. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು, ಕೆಸರು ತುಂಬಿದ ತೊಗಲಿನ ಚೀಲದ ಮೇಲೆ. ಹೆರೆಯುವುದನ್ನು ಕೂದಲಿರುವ ಚರ್ಮದ ಮೇಲೆ. ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ತಾವರೆಯ ದಂಟಿನಲ್ಲಿ, ಗಾಯದ ಆಳ ಹುಡುಕುವುದನ್ನು ಹುಳ ತಿಂದ ಕಟ್ಟಿಗೆಯಲ್ಲಿ, ಹೊಲಿಗೆಯನ್ನು ದಪ್ಪ ಬಟ್ಟೆ ಮತ್ತು ಮೆದು ತೊಗಲಿನಲ್ಲಿ. ಪಟ್ಟಿ ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ. ಶಾಸ್ತ್ರವನ್ನೆಲ್ಲ ಓದಿದರೂ ಕೈ ಪಳಗದವನು ಕೆಲಸಕ್ಕೆ ಬಾರನು ಎಂಬ ಎಚ್ಚರಿಕೆ ಅಲ್ಲಿದೆ. ಮುಂದಿನ ಅಧ್ಯಾಯದಲ್ಲಿ, ರಾಜನ ಅಪ್ಪಣೆ ಪಡೆದ ಮೇಲೆಯೇ ವೈದ್ಯ ಬೀದಿಗಿಳಿದು ವೃತ್ತಿ ಮಾಡಬೇಕೆಂಬ ಮಾತು ಬರುತ್ತದೆ. ಕರ್ನಾಟಕದಲ್ಲಿ ಆ ಅಪ್ಪಣೆಯ ಜಾಗದಲ್ಲಿ ಈಗ 1961ರ ವೈದ್ಯಕೀಯ ನೋಂದಣಿ ಕಾಯ್ದೆ ನಿಂತಿದೆ. ಆದರೆ ಸೋರೆಕಾಯಿಗೂ ರಾಜನ ಅಪ್ಪಣೆಗೂ ನಡುವೆ ಒಂದು ದಿನ ಇದ್ದೇ ಇರುತ್ತದಲ್ಲ, ಶಿಷ್ಯನ ಕತ್ತಿ ಮೊದಲ ಬಾರಿ ಮನುಷ್ಯನ ಮೈ ಮುಟ್ಟುವ ದಿನ, ಅದರ ಬಗ್ಗೆ ಅಭ್ಯಾಸದ ಆ ಅಧ್ಯಾಯ ಏನನ್ನೂ ಹೇಳುವುದಿಲ್ಲ.

ಹಳ್ಳಿಗಳಲ್ಲಿ ಆ ದಿನ ಗುಟ್ಟಾಗಿರಲಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹೆರಿಗೆ ಮಾಡಿಸುವುದನ್ನು ಕಲಿತದ್ದು ಅಜ್ಜಿ ಮರಿಗೆಮ್ಮನಿಂದ, ತಮ್ಮದೇ ಬಂಧುಬಳಗದ ಮನೆಗಳಲ್ಲಿ. ಮುಂದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಹೆರಿಗೆಮನೆಯಲ್ಲಿ ಅಜ್ಜಿಯ ಪಕ್ಕ ಕೂತ ಹುಡುಗಿ ಕಲಿಯುತ್ತಿದ್ದಾಳೆ ಎಂಬುದು ಬಾಣಂತಿಗೂ ಗೊತ್ತು, ಬಾಗಿಲಾಚೆ ನಿಂತ ಗಂಡನಿಗೂ ಗೊತ್ತು. ಕುರು ಸೀಳುವ, ಮೂಳೆ ಕೂಡಿಸುವ ಮನೆತನಗಳಲ್ಲೂ ಹಾಗೆಯೇ. ಅಪ್ಪನ ಪಕ್ಕ ಮಗ ಕೂತಿರುತ್ತಿದ್ದ, ‘ಈ ಸಲ ಮಗ ಕಟ್ಟಲಿ’ ಎಂದು ಅಪ್ಪ ಎಲ್ಲರೆದುರಿಗೇ ಹೇಳುತ್ತಿದ್ದ. ಅಲ್ಲಿ ದಾಖಲೆ ಇರಲಿಲ್ಲ, ಆದರೆ ಮುಚ್ಚುಮರೆಯೂ ಇರಲಿಲ್ಲ.

ದಾಖಲೆ ಶುರುವಾದದ್ದೇ ಹೆಸರುಗಳನ್ನು ಬಿಡುವುದರೊಂದಿಗೆ. ಮೂರನೆಯ ಮೈಸೂರು ಯುದ್ಧದಲ್ಲಿ ಕೊವಾಸ್ಜಿ ಎಂಬವನು ಇಂಗ್ಲಿಷರ ದಂಡಿನ ಎತ್ತಿನ ಗಾಡಿ ಹೊಡೆಯುತ್ತಿದ್ದ. ಟಿಪ್ಪುವಿನ ಪಡೆಗೆ ಸೆರೆಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷ ಕಳೆದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬ ವೈದ್ಯ ಅವನ ಹಣೆಯ ಚರ್ಮ ಎಳೆದು ಹೊಸ ಮೂಗು ಕೂಡಿಸಿದ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ 1794ರ ಅಕ್ಟೋಬರಿನಲ್ಲಿ ಇದನ್ನು ಚಿತ್ರಸಮೇತ ಅಚ್ಚು ಹಾಕಿತು. ಅದನ್ನು ಓದಿ ಪ್ರೇರಣೆ ಪಡೆದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯಲ್ಲಿ ಮೂಗು ಕೂಡಿಸಿದ, ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಅಲ್ಲಿಂದ ಹೊರಳಿತು. ಆ ಬರಹದಲ್ಲಿ ರೋಗಿಯ ಹೆಸರಿದೆ, ಮುಖದ ಚಿತ್ರವಿದೆ, ಪಕ್ಕ ನಿಂತು ನೋಡಿದ ಕಂಪನಿಯ ಡಾಕ್ಟರುಗಳ ಹೆಸರಿದೆ. ಮೂಗು ಕೂಡಿಸಿದವನ ಹೆಸರಿಲ್ಲ. ಅಂಥವನ ಕೈಕೆಳಗೆ ಆ ದಿನ ಎಲೆ, ನೀರು, ಪಟ್ಟಿ ಹಿಡಿದು ನಿಂತ ಶಿಷ್ಯನೊಬ್ಬ ಇದ್ದಿರಬಹುದಾದರೆ, ಅವನ ಗುರುತು ಉಳಿಯುವ ಮಾತೇ ಇಲ್ಲ.

ರಾಯಚೂರು ಆಗ ನಿಜಾಮರ ನಾಡು. 1853ರಿಂದ 1860ರ ತನಕ ಇಂಗ್ಲಿಷರ ಕೈಗೆ ಹೋಗಿದ್ದು ಬಿಟ್ಟರೆ 1948ರವರೆಗೂ ಹೈದರಾಬಾದಿನ ಆಳ್ವಿಕೆಯಲ್ಲೇ ಇತ್ತು. ಆದ್ದರಿಂದ ಈ ಸೀಮೆಗೆ ಹತ್ತಿರವಾದ ವೈದ್ಯಕೀಯ ಶಾಲೆ ಎಂದರೆ 1846ರಲ್ಲಿ ಶುರುವಾದ ಹೈದರಾಬಾದ್ ಮೆಡಿಕಲ್ ಸ್ಕೂಲು. ಪಾಠ ಉರ್ದುವಿನಲ್ಲಿ, ಕಲಿತು ಹೊರಬಂದವರಿಗೆ ‘ಹಕೀಮ್’ ಎಂಬ ಬಿರುದು. 1880ರ ದಶಕದಲ್ಲಿ ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿ ಅದರ ಮುಖ್ಯಸ್ಥನಾಗಿ ಬಂದ ಮೇಲೆ ಪಾಠ ಇಂಗ್ಲಿಷಿಗೆ ಹೊರಳಿತು, ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು.

ಲಾರಿ ಎಡಿನ್‌ಬರೊದಲ್ಲಿ ಜೇಮ್ಸ್ ಸೈಮ್‌ನ ಶಿಷ್ಯ. ಕ್ಲೋರೋಫಾರ್ಮ್ ಕೊಡುವಾಗ ನಾಡಿ ನೋಡುತ್ತ ಕೂರಬಾರದು, ಉಸಿರಾಟವೊಂದನ್ನೇ ಕಾಯಬೇಕು ಎಂಬುದು ಗುರುವಿನಿಂದ ಬಂದ ನಂಬಿಕೆ. ಹೀಗಾಗಿ ಅವನ ಓಟಿಯಲ್ಲಿ ರೋಗಿಯ ತಲೆಯ ಬಳಿ ಕೂತವರಿಗೆ ಒಂದೇ ಕೆಲಸ: ಎದೆ, ಹೊಟ್ಟೆ ಏರಿಳಿಯುವುದರ ಮೇಲೆ ಕಣ್ಣಿಟ್ಟು, ಉಸಿರು ತಡವರಿಸಿದ ಕೂಡಲೇ ಕ್ಲೋರೋಫಾರ್ಮ್ ತೆಗೆಯುವುದು. ಆ ಕೆಲಸಕ್ಕೆ ಕೂತವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ತರುಣಿಯೂ ಇದ್ದಳು. 1885ರಲ್ಲಿ ಶಾಲೆಗೆ ಸೇರಿದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬಳು, 1889ರಲ್ಲಿ ಹಕೀಮ್ ಆದಳು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಇವತ್ತು ಅವಳನ್ನು ನೆನೆಯುತ್ತಾರೆ.

ಕ್ಲೋರೋಫಾರ್ಮಿನಿಂದ ಜನ ಸಾಯುವುದು ಉಸಿರು ನಿಂತೋ, ಎದೆ ನಿಂತೋ ಎಂಬ ಜಗಳ ಆಗ ಯುರೋಪಿನಲ್ಲಿ ಜೋರಾಗಿತ್ತು. ಲಾರಿ 1888ರಲ್ಲಿ ಒಂದು ಆಯೋಗ ಕೂಡಿಸಿ ಉಸಿರೇ ಕಾರಣ ಎಂದು ಸಾರಿದ. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ಆಗ ನಿಜಾಮ ಮಹಬೂಬ್ ಅಲಿ ಖಾನ್ 1000 ಪೌಂಡ್ ಕೊಟ್ಟು ಪತ್ರಿಕೆಯ ಪರವಾಗಿ ತಜ್ಞರನ್ನು ಕರೆಸಿದ. 1889ರಲ್ಲಿ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದ. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಉಸಿರು, ರಕ್ತದ ಒತ್ತಡಗಳ ಏರಿಳಿತವನ್ನು ಕೈಮೋಗ್ರಾಫ್ ಎಂಬ ಯಂತ್ರ, ತಿರುಗುವ ಉರುಳೆಯ ಮೇಲೆ ಗೀಟು ಗೀಟಾಗಿ ಬರೆದಿಟ್ಟಿತು. ಆ ಗೀಟುಗಳನ್ನು ನೋಡಿ ಆಯೋಗ ಲಾರಿಯ ಮಾತನ್ನೇ ಎತ್ತಿಹಿಡಿಯಿತು. 1911ರ ಹೊತ್ತಿಗೆ ಗುಡ್‌ಮನ್ ಲೆವಿ ಎಂಬ ವೈದ್ಯ, ಕ್ಲೋರೋಫಾರ್ಮ್ ಎದೆಯ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲದು ಎಂದು ತೋರಿಸಿ ಆ ತೀರ್ಮಾನವನ್ನು ಮಗುಚಿಹಾಕಿದ.

ಈ ಕತೆಯಲ್ಲಿ ಎಷ್ಟೊಂದು ದಾಖಲೆ! ಆಯೋಗದ ಸದಸ್ಯರ ಹೆಸರು, ಪ್ರಾಣಿಗಳ ಲೆಕ್ಕ, ಗೀಟುಗಳ ಹಾಳೆಗಳು, ಲ್ಯಾನ್ಸೆಟ್‌ನ ಪುಟಗಳು. ಲಾರಿ ತನ್ನ ವಾದಕ್ಕೆ ಆಧಾರವಾಗಿ ಸಾವಿರಾರು ರೋಗಿಗಳಿಗೆ ಸುರಕ್ಷಿತವಾಗಿ ಕ್ಲೋರೋಫಾರ್ಮ್ ಕೊಟ್ಟ ಅನುಭವವನ್ನು ಮುಂದಿಡುತ್ತಿದ್ದ. ಆ ಸಾವಿರಾರು ಬಾರಿ ತಲೆಯ ಬಳಿ ಕೂತು ಉಸಿರು ಕಾದವರಲ್ಲಿ ಬಹಳಷ್ಟು ಮಂದಿ ಅವನ ಶಾಲೆಯ ವಿದ್ಯಾರ್ಥಿಗಳು, ಕೈಕೆಳಗಿನವರು. ಹೆಸರು ಉಳಿದದ್ದು ರೂಪಾಬಾಯಿಯಂಥ ಬೆರಳೆಣಿಕೆಯವರದು. ಅಂಕಿ ಮಾತ್ರ ಲಾರಿಯದು.

ಅದೇ ಶತಮಾನದ ಲಂಡನ್ನಿನಲ್ಲಿ ಒಮ್ಮೆ ಇದು ತಿರುಗುಮುರುಗಾಯಿತು. 1828ರಲ್ಲಿ ಗೈಸ್ ಆಸ್ಪತ್ರೆಯಲ್ಲಿ ಬ್ರಾನ್ಸ್‌ಬಿ ಕೂಪರ್ ಎಂಬ ಸರ್ಜನ್ ಮೂತ್ರಕೋಶದ ಕಲ್ಲು ತೆಗೆಯಲು ಹೋಗಿ, ಕೆಲವೇ ನಿಮಿಷದ ಕೆಲಸಕ್ಕೆ ಸುಮಾರು ಒಂದು ಗಂಟೆ ಒದ್ದಾಡಿದ. ರೋಗಿ ಮರುದಿನ ತೀರಿಕೊಂಡ. ನೋಡುಗರ ಸಾಲಿನಲ್ಲಿದ್ದ ಜೇಮ್ಸ್ ಲ್ಯಾಂಬರ್ಟ್ ಎಂಬವನು ಕಂಡದ್ದನ್ನೆಲ್ಲ ಲ್ಯಾನ್ಸೆಟ್‌ಗೆ ಬರೆದು ಕೊಟ್ಟ. ಕೂಪರ್ ಮಾನನಷ್ಟ ಮೊಕದ್ದಮೆ ಹೂಡಿ 2000 ಪೌಂಡ್ ಕೇಳಿದ, ಕೋರ್ಟು ಕೊಡಿಸಿದ್ದು 100. ದೊಡ್ಡ ಡಾಕ್ಟರ ಕೈಯೂ ತಪ್ಪುತ್ತದೆ, ಅದಕ್ಕೂ ದಾಖಲೆ ಬೇಕು ಎಂಬುದು ಅಲ್ಲಿಂದ ಬಯಲಾಯಿತು. ಕಲಿಯುವವರ ಕೈ ಎಂದರೆ ಅಪಾಯ, ಹಿರಿಯರ ಕೈ ಎಂದರೆ ಅಭಯ ಎಂದು ಎಣಿಸುವವರು ಈ ಮೊಕದ್ದಮೆಯನ್ನು ನೆನಪಿಡಬೇಕು.

ಸರ್ಜನ್‌ಗಳನ್ನು ತಯಾರು ಮಾಡುವ ಇವತ್ತಿನ ಎಂಎಸ್ ವ್ಯವಸ್ಥೆಯ ಬೇರು ಅಮೆರಿಕದ ಬಾಲ್ಟಿಮೋರಿನಲ್ಲಿದೆ. 1889ರಲ್ಲಿ ಬಾಗಿಲು ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಹೊಸ ಕ್ರಮ ತಂದ: ಕಲಿಯುವವನು ಆಸ್ಪತ್ರೆಯಲ್ಲೇ ಇರಬೇಕು, ವರ್ಷದಿಂದ ವರ್ಷಕ್ಕೆ ಹೊಣೆ ಹೆಚ್ಚುತ್ತ ಹೋಗಬೇಕು, ಕೊನೆಗೆ ಯೂನಿಟ್ಟನ್ನೇ ನಡೆಸುವಷ್ಟು ಪಳಗಬೇಕು. ಕರ್ನಾಟಕಕ್ಕೆ ಈ ಬಗೆಯ ಕಲಿಕೆ ನಿಧಾನವಾಗಿ ಬಂತು. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಬೆಂಗಳೂರಿನದು 1955ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ, ಬಳ್ಳಾರಿಯದು 1961ರಲ್ಲಿ, ಕಲಬುರಗಿಯ ಎಂ.ಆರ್. ಮೆಡಿಕಲ್ ಕಾಲೇಜು 1963ರಲ್ಲಿ.

ರಾಯಚೂರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2007ರಲ್ಲಿ, ಜನ ಈಗ ರಿಮ್ಸ್ ಎನ್ನುವ ಸಂಸ್ಥೆ. ಹೈದರಾಬಾದಿನ ಶಾಲೆಯಿಂದ ಲೆಕ್ಕ ಹಿಡಿದರೆ 161 ವರ್ಷ. ಆ ಕಾಲದಲ್ಲಿ ಮಾನ್ವಿ, ದೇವದುರ್ಗ, ಲಿಂಗಸೂಗೂರಿನ ಎಷ್ಟೋ ರೋಗಿಗಳು ದೊಡ್ಡ ಕಾಯಿಲೆಗೆ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಗೋ, ಬಳ್ಳಾರಿಗೋ ಹೋದರು. ಊರಿನವರ ಮೈ ಪರಊರಿನ ಹುಡುಗರ ಪಾಠವಾಯಿತು, ಊರಿನ ಹುಡುಗರಿಗೆ ಪಾಠ ಸಿಕ್ಕಿದ್ದು ಕಡಿಮೆ. ಕನ್ನಡ ಮಾತಾಡುವ ರೋಗಿಯ ಕೇಸು ನಿಜಾಮರ ಕಾಲದಲ್ಲಿ ಉರ್ದುವಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತಿತ್ತು. ಈಗಲೂ ಓಟಿ ನೋಟ್ಸ್ ಇಂಗ್ಲಿಷೇ. ಸಂವಿಧಾನದ 371ಜೆ ಕಲಂ ಬಂದು ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಸೀಟು ಮೀಸಲಾದ ಮೇಲೆ ಚಿತ್ರ ಬದಲಾಗುತ್ತಿದೆ. ಮಂಚದ ಮೇಲೆ ಮಲಗಿದವನೂ ಪಕ್ಕದಲ್ಲಿ ಏಪ್ರನ್ ತೊಟ್ಟು ನಿಂತವನೂ ಒಂದೇ ತಾಲ್ಲೂಕಿನವರಾಗುವ ಕಾಲ ಬಂದಿದೆ. ಇದು ಸಣ್ಣ ಸಂಗತಿಯಲ್ಲ.

ಉತ್ತರ ಕರ್ನಾಟಕದ ಜನಕ್ಕೆ ಸಾಮೂಹಿಕ ಆಪರೇಷನ್ ಎಂದರೆ ನೆನಪಾಗುವ ಹೆಸರು ಡಾ. ಎಂ.ಸಿ. ಮೋದಿ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಅವರು 1943ರಿಂದ ಹಳ್ಳಿ ಹಳ್ಳಿಗೆ ಹೋಗಿ ಕಣ್ಣಿನ ಪೊರೆ ತೆಗೆದರು. ಒಂದೇ ದಿನದಲ್ಲಿ 833, 1993ರ ಫೆಬ್ರವರಿವರೆಗೆ ಒಟ್ಟು 6,10,564 ಆಪರೇಷನ್ ಎಂದು ಗಿನ್ನೆಸ್ ಪುಸ್ತಕ ದಾಖಲಿಸಿದೆ. ದಿನದ 24 ಗಂಟೆಯನ್ನೂ ಹಿಡಿದರೂ ಒಂದು ಕಣ್ಣಿಗೆ ಎರಡು ನಿಮಿಷ ಸಿಗುವುದಿಲ್ಲ. ಆ ವೇಗ ಸಾಧ್ಯವಾಗಬೇಕಾದರೆ ರೋಗಿಯನ್ನು ಸಾಲಿನಲ್ಲಿ ಮಲಗಿಸುವವರು, ಕಣ್ಣು ತೊಳೆಯುವವರು, ಮರಗಟ್ಟಿಸುವವರು, ಸಲಕರಣೆ ಕೊಡುವವರು, ಪಟ್ಟಿ ಕಟ್ಟುವವರು ಬೇಕೇ ಬೇಕು. ಮೋದಿಯವರ ಕೈಚಳಕ ಅದರಿಂದ ಒಂದಿಷ್ಟೂ ಕಿರಿದಾಗುವುದಿಲ್ಲ. ಲಕ್ಷಾಂತರ ಬಡವರಿಗೆ ದೃಷ್ಟಿ ಕೊಟ್ಟ ಜೀವ ಅದು. ಆದರೆ 6,10,564 ಎಂಬ ಅಂಕಿ ಒಬ್ಬರ ಹೆಸರಿನಲ್ಲಿ ನಿಂತಿದೆ, ಅದರ ಹಿಂದಿನ ಕೈಗಳ ಪಟ್ಟಿ ಎಲ್ಲೂ ಇಲ್ಲ.

ಕಲಿಯುವವರ ಕೈಗೆ ನಿಯಮದ ಮಟ್ಟದಲ್ಲಿ ಒಂದು ಪುಸ್ತಕ ಸಿಕ್ಕಿದ್ದು ಈಚೆಗೆ. ಭಾರತೀಯ ವೈದ್ಯಕೀಯ ಮಂಡಳಿಯ 2000ದ ಸ್ನಾತಕೋತ್ತರ ನಿಯಮಾವಳಿ, ಪೀಜಿಗಳು ತಾವು ಸಹಾಯ ಮಾಡಿದ, ಸ್ವತಂತ್ರವಾಗಿ ಮಾಡಿದ ಆಪರೇಷನ್‌ಗಳ ವಿವರವನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು, ಕಲಿಸುವವರು ಅದನ್ನು ತಪಾಸಣೆ ಮಾಡಬೇಕು ಎಂದು ಕಡ್ಡಾಯ ಮಾಡಿತು. 2023ರ ಹೊಸ ನಿಯಮಾವಳಿ ಇದನ್ನು ಇ-ಲಾಗ್‌ಬುಕ್ ಆಗಿಸಲು ಹೇಳುತ್ತದೆ.

ಕಾಲಮ್ಮು ತುಂಬುವುದು ಕೇಳಿದಷ್ಟು ಸುಲಭವಲ್ಲ. ಒಂದು ಹರ್ನಿಯಾ ತೆಗೆದುಕೊಳ್ಳಿ. ತೊಡೆಸಂದಿಯ ಮೇಲೆ ಚರ್ಮ ಕೊಯ್ಯುವವರು ಪೀಜಿ. ಕೊಬ್ಬು ಬಿಡಿಸಿ, ಸ್ನಾಯುವಿನ ಬಿಳಿ ಹಾಳೆ ತೆರೆಯುವಾಗ ಎದುರಿಗೆ ನಿಂತ ಹಿರಿಯರು ‘ಇಲ್ಲಿ ನರ ಇದೆ, ಜೋಪಾನ’ ಎನ್ನುತ್ತಾರೆ. ವೀರ್ಯನಾಳದ ಹುರಿಯಿಂದ ಹರ್ನಿಯಾದ ಚೀಲ ಬಿಡಿಸುವ ಹೊತ್ತಿಗೆ, ಅದು ಹಳೆಯದಾಗಿ ಅಂಟಿಕೊಂಡಿದ್ದರೆ, ಕತ್ತರಿ ಹಿರಿಯರ ಕೈಗೆ ಹೋಗುತ್ತದೆ. ಮೆಶ್ ಇಡುವಾಗ ಎರಡು ಹೊಲಿಗೆ ಇವರದು, ನಾಲ್ಕು ಅವರದು. ಮುಚ್ಚುವುದು ಮತ್ತೆ ಪೀಜಿ. ಮೊದಲ ವರ್ಷದ ಇನ್ನೊಬ್ಬರು ಅಷ್ಟೂ ಹೊತ್ತು ರಿಟ್ರಾಕ್ಟರ್ ಹಿಡಿದು ನಿಂತಿರುತ್ತಾರೆ. ಚರ್ಮದ ಕೊನೆಯ ಎರಡು ಹೊಲಿಗೆ ಅವರ ಅವತ್ತಿನ ಸಂಪಾದನೆ. ಇದನ್ನು ‘ಸಹಾಯ’ ಎನ್ನಬೇಕೋ ‘ಉಸ್ತುವಾರಿಯಲ್ಲಿ ಮಾಡಿದ್ದು’ ಎನ್ನಬೇಕೋ? ಪರೀಕ್ಷೆ ಹತ್ತಿರ ಬಂದಾಗ ಕಾಲಮ್ಮಿನ ಆಯ್ಕೆ ಒಂದು ಮೆಟ್ಟಿಲು ಮೇಲೇರುವ ಆಸೆ ಯಾವ ಕಾಲೇಜಿನಲ್ಲಾದರೂ ಹುಟ್ಟೀತು. ಅತ್ತ ಓಟಿ ರಿಜಿಸ್ಟರಿನ ಸಾಲು, ಸರ್ಜನ್ ಎಂಬ ಕಾಲಮ್ಮಿನಲ್ಲಿ ಯೂನಿಟ್ ಮುಖ್ಯಸ್ಥರ ಹೆಸರು ಬರೆದುಕೊಂಡು ಸುಮ್ಮನಿರುತ್ತದೆ. ಒಂದೇ ಕೊಯ್ತಕ್ಕೆ ಎರಡು ಪುಸ್ತಕದಲ್ಲಿ ಎರಡು ಕತೆ.

ರೋಗಿಯ ಒಪ್ಪಿಗೆಯ ಕಾನೂನು ಈ ನಡುವೆ ಬಲವಾಗಿದೆ. 2002ರ ವೈದ್ಯರ ನಡವಳಿಕೆಯ ನಿಯಮಗಳು ಆಪರೇಷನ್‌ಗೆ ಮುಂಚೆ ಲಿಖಿತ ಒಪ್ಪಿಗೆ ಬೇಕೆಂದವು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದೂ ಹೇಳಿದವು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚಿಕಿತ್ಸೆಯ ಸ್ವರೂಪ, ಉದ್ದೇಶ, ಬೇರೆ ದಾರಿಗಳು, ಮುಖ್ಯ ಅಪಾಯಗಳು ತಿಳಿದ ಮೇಲಿನ ಒಪ್ಪಿಗೆಯೇ ಒಪ್ಪಿಗೆ ಎಂದಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಇನ್ನೂ ಮುಂದೆ ಹೋಗಿ, ತನಗೆ ಆರೈಕೆ ಕೊಡುವವರು ಯಾರು, ಅವರ ವೃತ್ತಿಯ ಸ್ಥಾನವೇನು, ಮುಖ್ಯ ಹೊಣೆ ಯಾವ ಡಾಕ್ಟರದು ಎಂದು ತಿಳಿಯುವುದು ರೋಗಿಯ ಹಕ್ಕು ಎಂದಿದೆ. ಕುರ್ಡಿಯವರ ಪ್ರಶ್ನೆ ಅದೇ ತಾನೆ?

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಬಾಸ್ಟನ್ ತೋರಿಸಿತು. 2015ರಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಅಲ್ಲಿನ ಹೆಸರಾಂತ ಬೋಧನಾ ಆಸ್ಪತ್ರೆಯೊಂದರಲ್ಲಿ ಹಿರಿಯ ಸರ್ಜನ್‌ಗಳು ಒಂದೇ ಹೊತ್ತಿಗೆ ಎರಡು ಓಟಿ ನಡೆಸುತ್ತಿದ್ದುದನ್ನು, ಅವರಿಲ್ಲದ ಹೊತ್ತಿನಲ್ಲಿ ಕಲಿಯುವವರು ಕೆಲಸ ಮುಂದುವರಿಸುತ್ತಿದ್ದುದನ್ನು, ರೋಗಿಗಳಿಗೆ ಅದು ತಿಳಿಯದಿದ್ದುದನ್ನು ಬಯಲಿಗೆಳೆಯಿತು. ಕಲಿಯುವವರು ಕೈಯಾಡಿಸಿದ್ದಕ್ಕಿಂತ, ತಮಗೆ ಹೇಳಲಿಲ್ಲ ಎಂಬುದೇ ಅಲ್ಲಿನ ಜನರನ್ನು ಹೆಚ್ಚು ನೋಯಿಸಿತು.

ನಮ್ಮ ವೈದ್ಯರಿಗೆ ಇರುವ ಭಯ ಬೇರೆ. ಗಾಯ ಕೀವು ಕಟ್ಟಿದರೆ, ‘ಕಲಿಯೋ ಹುಡುಗನ ಕೈಗೆ ಕೊಟ್ರಿ’ ಎಂದು ನೆಂಟರಿಷ್ಟರು ಆ ಹುಡುಗನ ಮೇಲೆ ಮುಗಿಬೀಳುತ್ತಾರೆ ಎಂಬ ಭಯ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಲ್ಲಿ ಕರ್ನಾಟಕ ಕಾಯ್ದೆಯನ್ನೇ ತರಬೇಕಾಯಿತು ಎಂದರೆ ಭಯ ಸುಳ್ಳಲ್ಲ. ಆದರೂ ಮರೆಮಾಚುವುದು ಆ ಹುಡುಗನನ್ನು ಕಾಪಾಡುವುದಿಲ್ಲ, ಅನುಮಾನವನ್ನಷ್ಟೇ ಬೆಳೆಸುತ್ತದೆ. ಹಿರಿಯರು ಎದುರಿಗೆ ನಿಂತಿದ್ದರು ಎಂಬುದು ಕಾಗದದ ಮೇಲಿದ್ದರೆ ಹೊಣೆ ಹಿರಿಯರ ಹೆಗಲ ಮೇಲೂ ಇರುತ್ತದೆ. ನಿಲ್ಲದಿದ್ದರೆ ಅದೂ ಗೊತ್ತಾಗುತ್ತದೆ. ಬಡವರ ಮೈಯ ಮೇಲೆಯೇ ಕಲಿಕೆ ನಡೆಯುವ ನಾಡಿನಲ್ಲಿ ಆ ಬಡವರಿಗೆ ಇಷ್ಟಾದರೂ ಸಲ್ಲಬೇಕು.

ಈಗ ಪೀಜಿಗಳು ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದಡಿ 3 ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಕೆಲಸ ಮಾಡಲೇಬೇಕು. ಕಲಿಯುವ ಕೈ ಮೆಡಿಕಲ್ ಕಾಲೇಜಿನ ಗೋಡೆ ದಾಟಿ ಹಳ್ಳಿಗೆ ಹತ್ತಿರ ಬರುತ್ತಿದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಕನ್ನಡದಲ್ಲಿ ಎರಡು ಸಾಲು ಸೇರಿಸಲು ಹೊಸ ಕಾನೂನು ಬೇಕಿಲ್ಲ, ಹೊಸ ಖರ್ಚೂ ಇಲ್ಲ: ‘ಆಪರೇಷನ್ ಮಾಡಿದವರು’, ‘ಜೊತೆಗಿದ್ದು ಉಸ್ತುವಾರಿ ನೋಡಿದವರು’. ಲಾಗ್‌ಬುಕ್ಕಿನಲ್ಲಿ ಈ ಎರಡೂ ಹೆಸರು, ಹಿರಿಯರ ಸಹಿಯ ಸಮೇತ, ಈಗಾಗಲೇ ಇವೆ. ಅಲ್ಲಿಂದ ಇಲ್ಲಿಗೆ ನಕಲು ಮಾಡುವ ಕೆಲಸವಷ್ಟೇ ಉಳಿದಿದೆ. ಅದನ್ನು ಯಾವ ಆಸ್ಪತ್ರೆಯಾದರೂ ನಾಳೆಯ ಓಟಿ ದಿನದಿಂದಲೇ ಶುರುಮಾಡಬಹುದು.